‘ನಾಯಿ ಹಿಡ್ಕಳ್ರಪ್ಪೋ’: ಕಚ್ಚುವ ನಾಯಿ ಸಾಕಿದವರಿಗೆ ನಮ್ಮಲ್ಲಿದ್ದ ಕಟ್ಟಳೆಗಳು

ಹಿರಿಯೂರು, ಹೊಸದುರ್ಗದ ಕಡೆ ಹಟ್ಟಿಗಳಿಗೋ ತೋಟದ ಮನೆಗಳಿಗೋ ಹೊಸಬರು ಹೋದರೆ ನೆಟ್ಟಗೆ ಬಾಗಿಲಿಗೆ ನಡೆಯುವುದಿಲ್ಲ. ಬೇಲಿಯ ಆಚೆಯೇ ನಿಂತು, "ಯಾರಿದೀರಪ್ಪಾ ಒಳಗೆ, ನಾಯಿ ಹಿಡ್ಕಳ್ರಪ್ಪೋ" ಎಂದು ಒಂದು ಕೂಗು ಹಾಕುತ್ತಾರೆ. ಒಳಗಿನಿಂದ ಯಾರಾದರೂ ಬಂದು, ನಾಯಿಯನ್ನು ಗದರಿಸಿ, ಕೊರಳಪಟ್ಟಿಗೆ ಕೈ ಹಾಕಿದ ಮೇಲೆಯೇ ಮುಂದಿನ ಹೆಜ್ಜೆ.

ಈ ಕೂಗಿನಲ್ಲಿ ಒಂದು ಕಾನೂನೇ ಅಡಗಿದೆ. ಕೂಗುವುದು ಬಂದವರ ಜವಾಬ್ದಾರಿ. ಕೂಗಿದ ಮೇಲೆ ನಾಯಿಯನ್ನು ಹಿಡಿಯುವುದು ಮನೆಯವರ ಜವಾಬ್ದಾರಿ. ಕೂಗದೆ ಕಳ್ಳಹೆಜ್ಜೆಯಲ್ಲಿ ಒಳಗೆ ಹೋಗಿ ಕಚ್ಚಿಸಿಕೊಂಡರೆ ಊರಿನ ಹಿರಿಯರು, "ಒಂದು ಕೂಗು ಹಾಕಬೇಕಿತ್ತು ಕಣಪ್ಪ" ಅನ್ನುತ್ತಾರೆ. ಕೂಗಿದರೂ ಮನೆಯವನು ಜಗಲಿ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ಅಂತಾದರೆ ಮಾತು ಬೇರೆ. ಆಗ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಸೂಜಿಯ ಖರ್ಚು, ಎರಡು ದಿನದ ಕೂಲಿ ಎಲ್ಲ ಅವನ ತಲೆಗೆ. ಇದನ್ನು ಯಾರೂ ಕಾಗದದಲ್ಲಿ ಬರೆದಿಟ್ಟಿಲ್ಲ, ಪಂಚಾಯ್ತಿಯಲ್ಲಿ ಠರಾವು ಮಾಡಿಲ್ಲ.

ಆದರೆ ಇಂಥದ್ದೇ ಕಟ್ಟಳೆಯನ್ನು ಬರೆದಿಟ್ಟವರು ಇದ್ದರು. ಅದೂ ನಮ್ಮ ಕರ್ನಾಟಕದಲ್ಲೇ, ಸುಮಾರು 900 ವರ್ಷದ ಹಿಂದೆ.

ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣ ಆಗ ಕಲ್ಯಾಣದ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಅಲ್ಲಿ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದೇ ‘ಮಿತಾಕ್ಷರ’. ಆಸ್ತಿ ಪಾಲಿನ ಜಗಳಕ್ಕೆ ಕೋರ್ಟು ಹತ್ತಿದವರು ಈ ಹೆಸರನ್ನು ವಕೀಲರ ಬಾಯಲ್ಲಿ ಕೇಳಿರುತ್ತೀರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅನ್ನುವ ಮಾತು ಬರುವುದು ಅದರಿಂದಲೇ.

ವಿಜ್ಞಾನೇಶ್ವರ ವ್ಯಾಖ್ಯಾನ ಮಾಡಿದ ಆ ಸ್ಮೃತಿಯ ದಂಡದ ಭಾಗದಲ್ಲಿ, ಜಮೀನು ಪಾಲಿನಿಂದ ಬಹಳ ದೂರದಲ್ಲಿ, ಒಂದು ಚಿಕ್ಕ ಕಟ್ಟಳೆ ಇದೆ. ಕೋರೆಹಲ್ಲಿರುವ ಅಥವಾ ಕೊಂಬಿರುವ ಪ್ರಾಣಿ ಒಬ್ಬರ ಮೇಲೆ ಬಿದ್ದಾಗ, ಅದರ ಯಜಮಾನ ಬಿಡಿಸುವ ಶಕ್ತಿ ಇದ್ದೂ ಬಿಡಿಸದಿದ್ದರೆ ಅವನಿಗೆ ಮೊದಲನೇ ದರ್ಜೆಯ ದಂಡ. ಸಿಕ್ಕಿಬಿದ್ದವನು ಕೂಗಿಕೊಂಡ ಮೇಲೂ ಬಿಡಿಸದಿದ್ದರೆ ಅದರ ಎರಡರಷ್ಟು. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಮೊದಲನೇ ದರ್ಜೆ ಅಂದರೆ 270 ಪಣ. ಕೂಗಿದ ಮೇಲೆ 540. ಇದಕ್ಕೂ ಹಳೆಯದಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಹೆಚ್ಚುಕಡಿಮೆ ಇದೇ ಮಾತಿದೆ.

ಇಲ್ಲಿ ನಾಯಿ ಯಾವ ಜಾತಿಯದು ಎಂದು ಕೇಳಿಲ್ಲ. ಹಿಂದೆ ಯಾರನ್ನಾದರೂ ಕಚ್ಚಿತ್ತೇ ಎಂದೂ ಕೇಳಿಲ್ಲ. ಕೇಳುವುದು ಯಜಮಾನನನ್ನು: ನೀನು ಎಲ್ಲಿದ್ದೆ, ನಿನಗೆ ಕೂಗು ಕೇಳಿಸಿತೇ, ಕೇಳಿಸಿದ ಮೇಲೆ ಏನು ಮಾಡಿದೆ? ನಮ್ಮ ಬೇಲಿಯಾಚೆಯ ಕೂಗಿಗೂ ಕಲ್ಯಾಣದ ಪಂಡಿತನ ಪುಸ್ತಕಕ್ಕೂ ನೇರ ನಂಟಿದೆ ಎಂದು ನಾನು ಹೇಳುವುದಿಲ್ಲ. ಹಳ್ಳಿಯವರು ಸಂಸ್ಕೃತ ಓದಿ ಕೂಗು ಹಾಕಲು ಕಲಿತವರಲ್ಲ. ಪುಸ್ತಕ ಬರೆದವರೇ ಜನರ ನಡೆ ನೋಡಿ ಬರೆದುಕೊಂಡಿರಬಹುದು ಅನ್ನುವುದು ನನ್ನ ಅನಿಸಿಕೆ. ತಮಾಷೆ ಏನೆಂದರೆ, ಆಸ್ತಿ ಪಾಲಿನ ಮಿತಾಕ್ಷರ ನಮ್ಮ ಕೋರ್ಟುಗಳಲ್ಲಿ ಇವತ್ತಿಗೂ ಓಡಾಡುತ್ತಿದೆ. ನಾಯಿ ಯಜಮಾನನ ಕಟ್ಟಳೆಯನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಹಳೆಯ ಕಾಲದಲ್ಲಿ ನಾಯಿಗೆ ಯಜಮಾನ ಯಾರು ಅನ್ನುವುದು ಎಷ್ಟು ಮುಖ್ಯ ಆಗಿತ್ತು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕಲ್ಲು ಅದು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧ ಆಯಿತು. ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಜೊತೆ ನಿಂತ ಮಣಲೇರ ಎಂಬ ವೀರನಿಗೆ, ಏನು ಬೇಕೋ ಕೇಳು ಎಂದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಬೂತುಗನ ಬೇಟೆನಾಯಿ ‘ಕಾಳಿ’ಯನ್ನು ಕೇಳಿದ. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೇರ ಕಾಳಿಯ ಹೆಸರಲ್ಲಿ ಕಲ್ಲು ನಿಲ್ಲಿಸಿ, ಭೂಮಿ ಬಿಡಿಸಿ, ಕಲ್ಲಿಗೆ ಪೂಜೆ ಮಾಡದೆ ಗೊರವ ಉಂಡರೆ ಅವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದು ಶಾಪವನ್ನೂ ಕೆತ್ತಿಸಿದ. ನಾಯಿಗೆ ಹೆಸರಿದೆ, ಕೊಟ್ಟವನಿದ್ದಾನೆ, ಪಡೆದವನಿದ್ದಾನೆ, ಸತ್ತ ಮೇಲೆ ನೋಡಿಕೊಳ್ಳುವವನೂ ಇದ್ದಾನೆ. ಸಾವಿರ ವರ್ಷದ ಹಿಂದಿನ ಒಂದು ನಾಯಿಯ ಬಗ್ಗೆ ಇಷ್ಟು ದಾಖಲೆ ಇದೆ. ನಿಮ್ಮ ಪಕ್ಕದ ಮನೆಯ ನಾಯಿಯ ಬಗ್ಗೆ ಪಂಚಾಯ್ತಿ ಕಚೇರಿಯಲ್ಲಿ ಏನು ದಾಖಲೆ ಇದೆ ಕೇಳಿ ನೋಡಿ.

ನಮ್ಮ ಸೀಮೆಗೆ ಬರೋಣ. ಚಿತ್ರದುರ್ಗ ಜಿಲ್ಲೆ ಮಳೆ ಕಮ್ಮಿಯ, ಕುರಿ ಜಾಸ್ತಿಯ ನಾಡು. ಕಾಡುಗೊಲ್ಲರ ಹಟ್ಟಿಗಳು, ಕುರುಬರ ಕುರಿರೊಪ್ಪಗಳು, ಮ್ಯಾಸಬೇಡರ ಬೇಟೆ, ಅಮೃತಮಹಲ್ ಕಾವಲುಗಳು: ಎಲ್ಲದರಲ್ಲೂ ನಾಯಿಗೆ ಕೆಲಸ ಇತ್ತು. ಕುರಿ ಮಂದೆಯ ನಾಯಿ ತೋಳಕ್ಕೆ ಎದುರು ನಿಲ್ಲಬೇಕು. ತೋಳ ಬಂದು ಮೊದಲು ಬಾಯಿ ಹಾಕುವುದು ನಾಯಿಯ ಕುತ್ತಿಗೆಗೆ, ಅದಕ್ಕೇ ಮೊಳೆ ಹೊಡೆದ ಪಟ್ಟಿ ಕಟ್ಟುತ್ತಿದ್ದರು. ಅಂಥ ನಾಯಿ ಸಾಧುವಾಗಿದ್ದರೆ ಪ್ರಯೋಜನ ಇಲ್ಲ. ಅದು ಜೋರಿರಲೇಬೇಕು. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಜೋರು ನಾಯಿ ಸಾಕುವುದು ತಪ್ಪು ಅನ್ನುವ ಭಾವನೆ ಯಾವತ್ತೂ ಇರಲಿಲ್ಲ. ಜೋರು ನಾಯಿಯನ್ನು ಹೊತ್ತು ಗೊತ್ತಿಲ್ಲದೆ ಬಿಡುವುದು ತಪ್ಪು. ಹಗಲು ಕಟ್ಟು, ರಾತ್ರಿ ಬಿಡು. ಮಂದೆ ಊರೊಳಗೆ ಹಾದು ಹೋಗುವಾಗ ನಾಯಿಯನ್ನು ಹಗ್ಗದಲ್ಲಿ ಹಿಡಿದುಕೋ. ಒಮ್ಮೆ ಕಚ್ಚಿದ ನಾಯಿಯ ಕೊರಳಿಗೆ, ತುಡುಗು ದನಕ್ಕೆ ಇಳಿಬಿಡುವ ಹಾಗೆ, ಮರದ ತುಂಡು ಇಳಿಬಿಡು. ಓಡಿದರೆ ಅದು ಮುಂಗಾಲಿಗೆ ಬಡಿಯುತ್ತೆ, ಅಟ್ಟಿಸಿಕೊಂಡು ಹೋಗಲು ಆಗಲ್ಲ. ದೂರದಿಂದ ನೋಡಿದವರಿಗೂ ಇದು ಕಚ್ಚುವ ನಾಯಿ ಎಂದು ಗೊತ್ತಾಗುತ್ತೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆನಾಯಿಯ ಕೆಲಸ ಹೋಯಿತು. ಕಾವಲುಗಳು ಒತ್ತುವರಿಯಾಗಿ ಕುರಿ ಮೇವು ಕಮ್ಮಿಯಾಯಿತು. ಕುರಿ ಮಂದೆಯ ನಾಯಿ ಇನ್ನೂ ಇದೆ, ಅದರ ಪಾಡಿಗೆ ಅದು ದುಡಿಯುತ್ತಿದೆ. ಈ ಮಾತನ್ನು ಕೊನೆಯಲ್ಲಿ ಮತ್ತೆ ಎತ್ತುತ್ತೇನೆ, ಯಾಕೆಂದರೆ ಹೊಸ ನಿಯಮ ಮಾಡುವವರು ಮೊದಲು ಮರೆಯುವುದು ಈ ನಾಯಿಯನ್ನೇ.

ಈಗ ಬರೆದ ಕಾನೂನಿನ ಕತೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ 289ನೇ ಕಲಂ ಇತ್ತು. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ಗಂಭೀರ ಗಾಯವೋ ಆಗಬಹುದು ಎಂದಿರುವಾಗ, ಗೊತ್ತಿದ್ದೂ ಅಥವಾ ಅಜಾಗರೂಕತೆಯಿಂದ ಅದಕ್ಕೆ ತಕ್ಕ ಬಂದೋಬಸ್ತು ಮಾಡದಿದ್ದರೆ ಆರು ತಿಂಗಳವರೆಗೆ ಸೆರೆ, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೈಸೂರು ಸಂಸ್ಥಾನವೂ ಇದೇ ಸಂಹಿತೆಯನ್ನು ಇಟ್ಟುಕೊಂಡಿತು, ಹಾಗಾಗಿ ಚಿತ್ರದುರ್ಗಕ್ಕೂ ಅದೇ ಕಾನೂನು.

ಇಲ್ಲೂ ಪ್ರಶ್ನೆ ಯಜಮಾನನಿಗೇ. ಕಲ್ಯಾಣದ ಕಟ್ಟಳೆಗಿಂತ ಇದು ಒಂದು ಹೆಜ್ಜೆ ಮುಂದೆಯೇ ಇದೆ, ಯಾಕೆಂದರೆ ನಾಯಿ ಮೈಮೇಲೆ ಬೀಳುವವರೆಗೆ ಕಾಯುವುದಿಲ್ಲ, ಮೊದಲೇ ಬಂದೋಬಸ್ತು ಕೇಳುತ್ತದೆ. ಆದರೆ ದಂಡದ ಮೊತ್ತ ನೋಡಿ. 1860ರಲ್ಲಿ 1000 ರೂಪಾಯಿ ಅಂದರೆ ಸಾಹುಕಾರನೂ ಬೆಚ್ಚುವ ದುಡ್ಡು. 2024ರ ಜೂನ್‌ವರೆಗೂ ಅದು 1000 ರೂಪಾಯಿಯೇ ಆಗಿತ್ತು. 164 ವರ್ಷ ಆ ಅಂಕಿಯನ್ನು ಯಾರೂ ಮುಟ್ಟಲಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ಕಲಂ 291 ಆಗಿದೆ. ಸೆರೆ ಅಷ್ಟೇ, ಆರು ತಿಂಗಳವರೆಗೆ. ದಂಡ 5000ವರೆಗೆ ಏರಿದೆ. ರಾಟ್‌ವೀಲರ್ ಮರಿಯ ಬೆಲೆ ಗೊತ್ತಿದ್ದವರು ನಗಬಹುದು.

ಬ್ರಿಟಿಷರು ಹಳ್ಳಿಗೆ ಕೊಟ್ಟ ಇನ್ನೊಂದು ಕಾನೂನು ದನದ ದೊಡ್ಡಿಯದು. 1871ರ ಜಾನುವಾರು ಅತಿಕ್ರಮಣ ಕಾಯ್ದೆ. ಪೈರಿಗೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆದು, ದಂಡ ಕಟ್ಟಿಸಿಕೊಂಡು ಬಿಡುವ ವ್ಯವಸ್ಥೆ. ದನ ಅಂದರೆ ಯಾವ್ಯಾವುದು ಎಂದು ಅದರಲ್ಲಿ ಪಟ್ಟಿಯೇ ಇದೆ: ಆನೆ, ಒಂಟೆ, ಎಮ್ಮೆ, ಕುದುರೆ, ಹೇಸರಗತ್ತೆ, ಕತ್ತೆ, ಹಂದಿ, ಕುರಿ, ಆಡು. ಒಂಟೆಯೂ ಇದೆ. ನಾಯಿ ಇಲ್ಲ. ಆ ಕಾಯ್ದೆ ಕಾಪಾಡುತ್ತಿದ್ದುದು ಬೆಳೆಯನ್ನು, ನಾಯಿ ಬೆಳೆ ಮೇಯುವುದಿಲ್ಲವಲ್ಲ. ಇದರಿಂದ ಆದದ್ದೇನೆಂದರೆ, ನಿಮ್ಮ ರಾಗಿ ಹೊಲಕ್ಕೆ ಪಕ್ಕದವನ ಎಮ್ಮೆ ನುಗ್ಗಿದರೆ ಏನು ಮಾಡಬೇಕು ಎಂದು ಊರಿಗೆಲ್ಲ ಗೊತ್ತಿತ್ತು. ಒಂದು ಜಾಗ ಇತ್ತು, ಒಬ್ಬ ಕಾವಲುಗಾರ ಇದ್ದ, ದರ ನಿಗದಿಯಾಗಿತ್ತು. ಅವನ ನಾಯಿ ನಿಮ್ಮ ಮಗುವಿನ ಕಾಲಿಗೆ ಬಾಯಿ ಹಾಕಿದರೆ ಹೋಗಲು ಅಂಥ ಜಾಗ ಊರಲ್ಲಿ ಇರಲಿಲ್ಲ. ಠಾಣೆಗೆ ಹೋಗಬೇಕು. ನಾಯಿ ಕಚ್ಚಿದ್ದಕ್ಕೆ ಠಾಣೆ ಹತ್ತುವವರು ಯಾರು?

ಪೇಟೆಗಳಲ್ಲಿ ಬೇರೆ ಕತೆ. ಅಲ್ಲಿ ಸರ್ಕಾರಕ್ಕೆ ಹೆದರಿಕೆ ಇದ್ದದ್ದು ಹುಚ್ಚುನಾಯಿಯದು. ಬೇಸಿಗೆ ಬಂತೆಂದರೆ ಯಜಮಾನನಿಲ್ಲದ ನಾಯಿಗಳನ್ನು ಕೊಲ್ಲಿಸುವುದು ಬ್ರಿಟಿಷರ ಕಾಲದ ಪದ್ಧತಿ. 1832ರ ಜೂನ್‌ನಲ್ಲಿ ಮುಂಬೈಯಲ್ಲಿ ಹೀಗೆ ನಾಯಿ ಕೊಲ್ಲುವುದಕ್ಕೆ ಪಾರ್ಸಿಗಳು ತಿರುಗಿಬಿದ್ದು ಊರೇ ಬಂದ್ ಆಗಿತ್ತು. ಹಾಗಾಗಿ ಸಾಕಿದ ನಾಯಿ ಯಾವುದು, ಬೀದಿ ನಾಯಿ ಯಾವುದು ಎಂದು ಗುರುತಿಸಲು ಕೊರಳಪಟ್ಟಿ, ಬಿಲ್ಲೆ, ಲೈಸೆನ್ಸು ಬಂದವು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಿಲ್ಲೆ ಬಂದದ್ದು ನಾಯಿಯನ್ನು ಕೊಲ್ಲುವವರಿಂದ ಕಾಪಾಡಲು. ಕಚ್ಚಿದರೆ ಯಜಮಾನನನ್ನು ಹುಡುಕಲು ಅದು ನೆರವಾಗಬಹುದಿತ್ತು, ಆದರೆ ಅದರ ಮೊದಲ ಉದ್ದೇಶ ಅದಾಗಿರಲಿಲ್ಲ. ಪೇಟೆಯ ನಾಯಿ ಕಾನೂನೆಲ್ಲ ಅಲ್ಲಿಂದ ಮುಂದೆ ಬೀದಿ ನಾಯಿಯ ಸುತ್ತಲೇ ಬೆಳೆಯಿತು. ಯಜಮಾನನಿರುವ ನಾಯಿಯ ವಿಚಾರ ಒಂದೆರಡು ಸಾಲಿನಲ್ಲಿ ಮುಗಿಯುತ್ತಿತ್ತು. ನಮ್ಮ 1963ರ ಪೊಲೀಸ್ ಕಾಯ್ದೆಯಲ್ಲೂ ಬೀದಿ ಅಪರಾಧಗಳ ಪಟ್ಟಿಯಲ್ಲಿ, ಉಗ್ರ ನಾಯಿಯನ್ನು ಬಾಯಿಕುಕ್ಕೆ ಇಲ್ಲದೆ ಬಿಡುವುದು ಒಂದು ಸಾಲು. ಕಣದಲ್ಲಿ ಎತ್ತಿಗೆ ಹಾಕುವ ಕುಕ್ಕೆಯನ್ನು ಬಲ್ಲ ನಮಗೆ ನಾಯಿಗೂ ಕುಕ್ಕೆ ಹಾಕಬೇಕೆಂಬ ಕಾನೂನು ಇದೆ ಎಂದು ಗೊತ್ತಿಲ್ಲ.

ಕಚ್ಚಿಸಿಕೊಂಡವರ ಕತೆಯನ್ನೂ ಹೇಳಬೇಕು. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟ. ಭಾರತದಲ್ಲಿ ಮೊದಲು ಅದಕ್ಕೆ ಸಂಸ್ಥೆ ಶುರುವಾದದ್ದು 1900ರಲ್ಲಿ, ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ. ದಕ್ಷಿಣಕ್ಕೆ ಬಂದದ್ದು 1907ರಲ್ಲಿ, ನೀಲಗಿರಿಯ ಕೂನೂರಿಗೆ. ಹೊಳಲ್ಕೆರೆಯ ಒಬ್ಬ ರೈತನಿಗೆ ಆಗ ಹುಚ್ಚುನಾಯಿ ಕಚ್ಚಿದ್ದರೆ ಅವನಿಗಿದ್ದ ದಾರಿ ಎಷ್ಟು ಉದ್ದದ್ದು ಎಂದು ಯೋಚಿಸಿ. ಮುಂದೆ ಲಸಿಕೆ ಹತ್ತಿರದ ಆಸ್ಪತ್ರೆಗೂ ಬಂತು, ಆದರೆ ಅದು ಕುರಿಯ ಮೆದುಳಿನಿಂದ ಮಾಡಿದ ಹಳೆಯ ಬಗೆಯದು. ಹೊಟ್ಟೆಗೆ, ಹೊಕ್ಕಳ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ನಮ್ಮ ಅಪ್ಪ ಅಮ್ಮನ ತಲೆಮಾರಿಗೆ ನಾಯಿ ಎಂದರೆ ಹಲ್ಲಿಗಿಂತ ಆ ಹದಿನಾಲ್ಕು ಸೂಜಿಯದೇ ಭಯ. ಆ ಭಯಕ್ಕೆ ಎಷ್ಟೋ ಜನ ಆಸ್ಪತ್ರೆಗೆ ಹೋಗದೆ ಗಾಯಕ್ಕೆ ಸುಣ್ಣ, ಖಾರದಪುಡಿ ಮೆತ್ತಿಕೊಂಡು ಕೂರುತ್ತಿದ್ದರು. ಆ ಲಸಿಕೆ 2000ದ ದಶಕದ ನಡುವಿನಲ್ಲಿ ನಿಂತಿತು. ಈಗಿನದು ತೋಳಿಗೆ, ಕೆಲವೇ ಸೂಜಿ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕಚ್ಚಿದ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಗಾಯ ಆಳವಾಗಿದ್ದರೆ ಗಾಯದ ಸುತ್ತ ಕೊಡುವ ಇನ್ನೊಂದು ಔಷಧವನ್ನೂ ಕೇಳಿ ಹಾಕಿಸಿಕೊಳ್ಳಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. 2024ರಲ್ಲಿ ರಾಜ್ಯದಲ್ಲಿ ಸುಮಾರು 3.6 ಲಕ್ಷ ನಾಯಿ ಕಡಿತ ವರದಿಯಾಗಿ, 42 ಜನ ರೇಬಿಸ್‌ನಿಂದ ಸತ್ತರು.

2001ರಲ್ಲಿ ಕೇಂದ್ರ ಸರ್ಕಾರದ ಸಂತಾನಹರಣ ನಿಯಮಗಳು ಬಂದು ನಾಯಿ ಕೊಲ್ಲುವುದು ನಿಂತಿತು. 2023ರಲ್ಲಿ ಅವು ಹೊಸದಾಗಿ ಬಂದವು. ಅದರಲ್ಲಿ ಒಂದು ಗೆರೆ ಎಳೆದಿದ್ದಾರೆ: ಸಾಕಿದ ನಾಯಿಗೆ ಲಸಿಕೆ, ಜಂತುಹುಳದ ಔಷಧ, ಸಂತಾನಹರಣ ಎಲ್ಲ ಮಾಲೀಕನ ಹೊಣೆ. ಬೀದಿ ನಾಯಿಗೆ ಸ್ಥಳೀಯ ಸಂಸ್ಥೆಯ ಹೊಣೆ. ಗೆರೆ ಸರಿಯಾಗಿದೆ. ಆದರೆ ನಾಯಿಯ ಮಾಲೀಕ ಯಾರೆಂದು ಎಲ್ಲೂ ಬರೆದಿಡದಿದ್ದರೆ, ನಾಯಿ ಗೆರೆಯ ಯಾವ ಕಡೆ ಇದೆ ಎಂದು ಹೇಳುವವರು ಯಾರು? ಕಚ್ಚುವವರೆಗೆ ‘ನಮ್ಮ ನಾಯಿ’, ಕಚ್ಚಿದ ಮೇಲೆ ‘ಯಾವುದೋ ಬೀದಿ ನಾಯಿ, ನಾವು ಅನ್ನ ಹಾಕ್ತಿದ್ವಿ ಅಷ್ಟೇ’. ಈ ಮಾತು ಕೇಳದವರು ನಮ್ಮಲ್ಲಿ ಯಾರೂ ಇರಲಾರರು.

ಈ ನಡುವೆ ಹಳ್ಳಿಯ ನಾಯಿಯೇ ಬದಲಾಯಿತು. ಬೋರ್‌ವೆಲ್ ಬಂದು ಹೊಳಲ್ಕೆರೆ, ಹೊಸದುರ್ಗದಲ್ಲಿ ಅಡಿಕೆ ಹಬ್ಬಿತು, ಹಿರಿಯೂರಿನಲ್ಲಿ ದಾಳಿಂಬೆ ಬಂತು. ಊರೊಳಗಿದ್ದವರು ತೋಟದಲ್ಲೇ ಮನೆ ಕಟ್ಟಿದರು. ಒಂಟಿ ಮನೆ, ಪಂಪ್‌ಸೆಟ್ ಕೇಬಲ್ ಕಳ್ಳರ ಕಾಟ, ಒಣಗಲು ಹರವಿದ ಅಡಿಕೆಯ ಬೆಲೆ. ಕಾವಲಿಗೆ ಕಂತ್ರಿ ನಾಯಿ ಸಾಲದು ಅನ್ನಿಸಿ ಡಾಬರ್‌ಮನ್, ರಾಟ್‌ವೀಲರ್ ಬಂದವು. ಇದರಲ್ಲಿ ಶೋಕಿಯೂ ಇದೆ, ಭಯವೂ ಇದೆ. ಭಯವನ್ನು ನಾನು ಹಗುರ ಮಾಡುವುದಿಲ್ಲ.

ಆದರೆ ತೋಟದ ಮನೆ ಹಟ್ಟಿಯಲ್ಲ. ಹಟ್ಟಿಯಲ್ಲಿ ಕೂಗು ಹಾಕಿದರೆ ಹತ್ತು ಮನೆಗೆ ಕೇಳಿಸುತ್ತೆ. ಹತ್ತು ಜನ ನೋಡಿದ ಮೇಲೆ ಯಜಮಾನ ಜಾರಿಕೊಳ್ಳಲು ಆಗುವುದಿಲ್ಲ. ತೋಟದಲ್ಲಿ ಕೂಗಿದರೆ ಅಡಿಕೆ ಮರಗಳಿಗೆ ಕೇಳಿಸಬೇಕು. ಗೇಟಿನ ಮುಂದೆಯೇ ಬಂಡಿದಾರಿ. ಆ ದಾರಿಯಲ್ಲಿ ಕಳೆ ಕೀಳಲು ಬರುವ ಹೆಂಗಸರು, ಡೇರಿಗೆ ಹಾಲು ಒಯ್ಯುವ ಹುಡುಗರು, ಆಶಾ ಕಾರ್ಯಕರ್ತೆ, ಮೀಟರ್ ಓದುವವರು, ಶಾಲೆ ಮಕ್ಕಳು ಓಡಾಡಬೇಕು. ಕಚ್ಚಿಸಿಕೊಂಡವರು ಬಹಳ ಸಲ ಅದೇ ತೋಟದಲ್ಲಿ ಕೂಲಿ ಮಾಡುವವರು. ನಾಳೆ ಕೆಲಸ ಕೊಡುವವನ ಮೇಲೆ ಇವತ್ತು ದೂರು ಕೊಡುವುದು ಹೇಗೆ? ಐನೂರು ರೂಪಾಯಿ, ಒಂದು ದಿನದ ರಜೆ, "ನಮ್ ನಾಯಿ ಏನೂ ಮಾಡಲ್ಲ, ನೀನೇ ಹೆದರಿಕೊಂಡು ಓಡಿರ್ತೀಯ" ಎಂಬ ಮಾತು. ಅಲ್ಲಿಗೆ ನ್ಯಾಯ ಮುಗಿಯಿತು. ಹಳೆಯ ಕಟ್ಟಳೆ ಸಾಯುವುದು ಹೀಗೆ. ಅದನ್ನು ಯಾರೂ ರದ್ದು ಮಾಡಲಿಲ್ಲ. ಅದನ್ನು ನಡೆಸಿಕೊಡುತ್ತಿದ್ದ ನೆರೆಹೊರೆ ದೂರ ಹೋಯಿತು ಅಷ್ಟೇ.

ಸರ್ಕಾರಕ್ಕೆ ಹೊಳೆದ ದಾರಿ ನಾಯಿಯ ಜಾತಿ ನೋಡುವುದು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದನ್ನು ರದ್ದು ಮಾಡಿದರು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಸರಿಯಲ್ಲ, ಬೇಕಾದರೆ ಎಲ್ಲರನ್ನೂ ಕೇಳಿ ಹೊಸದಾಗಿ ಮಾಡಿ ಎಂದರು. ಪತ್ರಿಕೆಗಳು ಇಷ್ಟನ್ನು ದೊಡ್ಡದಾಗಿ ಬರೆದವು. ನನಗೆ ಮುಖ್ಯ ಅನ್ನಿಸಿದ್ದು ಅದೇ ತೀರ್ಪಿನ ಇನ್ನೊಂದು ಮಾತು: ಸಾಕಿದ ನಾಯಿ ದಾಳಿ ಮಾಡಿದರೆ ಗಾಯಗೊಂಡವರ ಚಿಕಿತ್ಸೆಯ ಖರ್ಚು, ಅದರ ಮೇಲೆ ಪರಿಹಾರ, ಎರಡಕ್ಕೂ ಮಾಲೀಕನನ್ನೇ ಪೂರ್ತಿ ಹೊಣೆ ಮಾಡಬೇಕು. ಇಂಗ್ಲಿಷಿನಲ್ಲಿ ಬರೆದಿದ್ದರೂ ಇದು ಹಟ್ಟಿಯ ಹಿರಿಯರ ಮಾತೇ.

ತಳಿ ನಿಷೇಧದಲ್ಲಿ ಇನ್ನೊಂದು ಅಪಾಯ ಇದೆ. ನಾಯಿ ಇಟ್ಟುಕೊಂಡರೆ ಕಷ್ಟ ಎಂದಾದರೆ ಯಜಮಾನ ಮೊದಲು ಮಾಡುವ ಕೆಲಸ ಅದನ್ನು ದೂರ ಬಿಟ್ಟು ಬರುವುದು. 2025ರ ಡಿಸೆಂಬರ್‌ನಲ್ಲಿ ದಾವಣಗೆರೆ ತಾಲ್ಲೂಕಿನ ಹೊನ್ನೂರು ಗೊಲ್ಲರಹಟ್ಟಿಯ ಬಳಿ ರಾತ್ರಿ ಎರಡು ರಾಟ್‌ವೀಲರ್ ನಾಯಿಗಳು ಒಬ್ಬ ಮಹಿಳೆಯ ಮೇಲೆ ಬಿದ್ದವು. ಆಕೆ ಉಳಿಯಲಿಲ್ಲ. ನಾಯಿಗಳನ್ನು ಮಾಲೀಕನೇ ತಂದು ಅಲ್ಲಿ ಬಿಟ್ಟಿದ್ದ ಎಂಬ ಆರೋಪದ ಮೇಲೆ ಪೊಲೀಸರು ಅವನನ್ನು ಬಂಧಿಸಿದರು. 1997ರವರೆಗೆ ದಾವಣಗೆರೆ ನಮ್ಮ ಜಿಲ್ಲೆಯದೇ ತಾಲ್ಲೂಕು, ಹೊಳಲ್ಕೆರೆಗೆ ಪಕ್ಕದ್ದು. ನಾಯಿಯನ್ನು ಉಪವಾಸ ಬೀಳುವಂತೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? ಕನಿಷ್ಠ 10 ರೂಪಾಯಿ, ಗರಿಷ್ಠ 50.

ಸಿಟ್ಟಿಗೆ ನಾಯಿಗೆ ವಿಷ ಹಾಕುವವರೂ ನಮ್ಮಲ್ಲಿದ್ದಾರೆ. ಅವರು ಒಂದು ಲೆಕ್ಕ ತಿಳಿದಿರಲಿ. ಪ್ರಾಣಿಯನ್ನು ಕೊಂದರೆ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಸೆರೆ. ನಾಯಿಯನ್ನು ಅಜಾಗರೂಕತೆಯಿಂದ ಬಿಟ್ಟವನಿಗೆ ಆರು ತಿಂಗಳು. ವಿಷ ಹಾಕಿದರೆ ಕಚ್ಚಿಸಿಕೊಂಡವರೇ ದೊಡ್ಡ ಅಪರಾಧಿ ಆಗುತ್ತಾರೆ. ದೂರು ಕೊಡುವುದೇ ದಾರಿ. 291ನೇ ಕಲಂನ ಅಪರಾಧಕ್ಕೆ ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ನೇರ ಎಫ್‌ಐಆರ್ ಹಾಕಬಹುದು. ಆಸ್ಪತ್ರೆ ಚೀಟಿ, ಗಾಯದ ಫೋಟೊ, ಕೂಗಿದ್ದನ್ನು ಕೇಳಿಸಿಕೊಂಡ ಒಬ್ಬರ ಹೆಸರು, ನಾಯಿ ಹಿಂದೆಯೂ ಅಟ್ಟಿಸಿಕೊಂಡು ಬಂದಿತ್ತು ಎಂದು ಬಲ್ಲವರ ಹೆಸರು. ಇಷ್ಟು ಇಟ್ಟುಕೊಂಡರೆ ದೂರಿಗೆ ತೂಕ ಬರುತ್ತದೆ.

ಆದರೆ ಠಾಣೆಗೆ ಹೋಗುವ ಮೊದಲೇ ಊರಲ್ಲಿ ತೀರುವಂಥ ವ್ಯವಸ್ಥೆ ಬೇಕು, ದನದ ದೊಡ್ಡಿ ಇದ್ದ ಹಾಗೆ. ಕೇರಳದಲ್ಲಿ 1998ರಿಂದಲೇ ಪಂಚಾಯ್ತಿ ಮಟ್ಟದಲ್ಲಿ ನಾಯಿಗೂ ಹಂದಿಗೂ ಲೈಸೆನ್ಸಿನ ನಿಯಮಗಳಿವೆ. ಲಸಿಕೆ ಹಾಕಿಸಿದ ಚೀಟಿ ತಂದರೆ ಲೈಸೆನ್ಸು. ಅಲ್ಲೂ ಎಲ್ಲರೂ ಮಾಡಿಸುತ್ತಾರೆ ಎಂದಲ್ಲ. ಆದರೆ ಕಚ್ಚಿದಾಗ ತೆಗೆದು ನೋಡಲು ಒಂದು ಪುಸ್ತಕ ಇರುತ್ತದೆ. ನಮ್ಮ ಗ್ರಾಮ ಪಂಚಾಯ್ತಿಗಳಿಗೂ ಮೇಲಿನವರ ಒಪ್ಪಿಗೆ ಪಡೆದು ಉಪವಿಧಿ ಮಾಡುವ ಅಧಿಕಾರ ಇದೆ. ನಲ್ಲಿಗೆ, ಮನೆ ಕಂದಾಯಕ್ಕೆ, ಸಂತೆ ಸುಂಕಕ್ಕೆ ಪುಸ್ತಕ ಇಟ್ಟಿರುವ ಕಚೇರಿಗೆ ನಾಯಿಗೆ ಇನ್ನೊಂದು ಪುಸ್ತಕ ಭಾರವಾಗದು. ವರ್ಷಕ್ಕೊಮ್ಮೆ ಪಶು ಆಸ್ಪತ್ರೆಯವರು ಸೆಪ್ಟೆಂಬರ್ 28ರ ರೇಬಿಸ್ ದಿನದ ಹೊತ್ತಿಗೆ ಲಸಿಕೆ ಶಿಬಿರ ಮಾಡುವಾಗಲೇ ಯಜಮಾನನ ಹೆಸರು ಬರೆದುಕೊಂಡರೆ ಆಯಿತು.

ಉಪವಿಧಿ ಬರೆಯುವಾಗ ಪೇಟೆಯ ನಿಯಮವನ್ನು ಹಾಗೇ ಇಳಿಸಬಾರದು. ಎಲ್ಲ ನಾಯಿಗೂ ಯಾವಾಗಲೂ ಬಾಯಿಕುಕ್ಕೆ ಎಂದು ಬರೆದರೆ ಕುರಿ ಮಂದೆಯ ನಾಯಿ ತೋಳದ ಮುಂದೆ ಬಾಯಿ ಕಟ್ಟಿಸಿಕೊಂಡು ನಿಲ್ಲಬೇಕಾಗುತ್ತದೆ. ತಳಿಯ ಪಟ್ಟಿ ಬರೆದರೆ ಕಂತ್ರಿ ನಾಯಿ ಸಾಕಿದವನು ನನಗೇನೂ ಸಂಬಂಧವಿಲ್ಲ ಅನ್ನುತ್ತಾನೆ. ಬಂಡಿದಾರಿಯ ಪಕ್ಕದ ಗೇಟು ಹಗಲು ಮುಚ್ಚಿರಬೇಕು, ಒಮ್ಮೆ ಕಚ್ಚಿದ ನಾಯಿಗೆ ಹೊರಗೆ ಕುಕ್ಕೆ ಕಡ್ಡಾಯ, ಕಚ್ಚಿದರೆ ಚಿಕಿತ್ಸೆ ಮತ್ತು ಕೂಲಿಯ ನಷ್ಟ ಯಜಮಾನನದು, ನಾಯಿ ಬೇಡವಾದರೆ ಯಾರಿಗೆ ಕೊಟ್ಟೆ ಎಂದು ಬರೆಸಬೇಕು. ಮಣಲೇರ ಕಲ್ಲಿನ ಮೇಲೆ ಬರೆಸಿದ್ದನ್ನು ನಾವು ಪುಸ್ತಕದಲ್ಲಿ ಬರೆಸಿದರೆ ಸಾಕು. ಕೂಲಿಯವರು ತೋಟದ ಮಾಲೀಕನ ಎದುರು ಒಬ್ಬರೇ ನಿಲ್ಲದೆ ಇರಲು ದೂರನ್ನು ಪಂಚಾಯ್ತಿಯೇ ಕೊಡುವಂತಿರಬೇಕು. ಇದೊಂದು ಸಾಲು ಇಲ್ಲದಿದ್ದರೆ ಉಳಿದದ್ದೆಲ್ಲ ಗೋಡೆ ಮೇಲಿನ ಬರಹ.

ಗ್ರಾಮಸಭೆಗೆ ವಿಷಯ ಕೊಡಲು ಒಂದು ಅರ್ಜಿ ಸಾಕು, ಪಿಡಿಒ ಹೆಸರಿಗೆ. ಮೊದಲ ಸಹಿ ಯಾರದ್ದಾದರೂ ಆಗಬಹುದು. ನಾಯಿ ಸಾಕಿದವರೊಬ್ಬರದ್ದೇ ಆದರೆ ಸಭೆಯಲ್ಲಿ ಜಗಳ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ.